ಕೆಂಪು ಬೋರ್ಡು ಓದಿ ಬಂದವರು

ನನ್ನ ನಾದಿನಿ ಮಾರ್ಸೆಲಾಳ ಬಗ್ಗೆ ಈ ಊರಲ್ಲಿ ಯಾರನ್ನೇ ಕೇಳಿ, ಬಾಯಿ ತುಂಬ ಹೊಗಳುತ್ತಾರೆ. ನನ್ನನ್ನು ಮಾತ್ರ ಕೇಳಬೇಡಿ. ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ: ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಅಣ್ಣ ನಾರ್ಬರ್ಟನನ್ನು ಮದುವೆಯಾಗಿ ನಾನು ಈ ಮನೆಗೆ ಕಾಲಿಟ್ಟ ದಿನದಿಂದ ಇದೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಸಾಧಿಸುವುದೇನು?

ಅವಳು ಮುಟ್ಟಿದ್ದೆಲ್ಲ ಚಿನ್ನ. ಗಂಡ ತೀರಿಕೊಂಡ ಮೇಲೆ ಶಾಲೆಯ ಬಸ್ಸು ಓಡಿಸಲು ಹೋದಳು. ಹಿಮ ಸುರಿದು ಗಂಡಸರ ಟ್ರಕ್ಕುಗಳೆಲ್ಲ ಚರಂಡಿಗಿಳಿದ ದಿನವೂ ಅವಳ ಬಸ್ಸು ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟುತ್ತಿತ್ತು. ಚಳಿಗಾಲದಲ್ಲಿ ಗ್ರೀನ್ ಬೇ ಕೊಲ್ಲಿಯ ಮಂಜುಗಡ್ಡೆ ಕೊರೆದು ಎಲ್ಲರೂ ಗಾಳ ಹಾಕಿ ಕೂತರೆ ದೊಡ್ಡ ಮೀನು ಕಚ್ಚುತ್ತಿದ್ದುದು ಅವಳ ಗಾಳವನ್ನೇ. ಅತ್ತೆ ಸಾಯುವಾಗ ತಮ್ಮ ಹಳೇ ಲಟ್ಟಣಿಗೆಯನ್ನು ಕೊಟ್ಟಿದ್ದು ಮಗಳಿಗೆ. ಅವರಿಗೆ ಗಂಜಿ ಕುಡಿಸಿದ ಸೊಸೆಗೆ ಸಿಕ್ಕಿದ್ದು ಮಂಡಿನೋವಿನ ಮುಲಾಮು, ಅದೂ ಅರ್ಧ ಡಬ್ಬಿ.

ನನ್ನದು ಅಂತ ಇದ್ದದ್ದು ಒಂದೇ, ಬೋರ್ಡು.

ನಮ್ಮ ಸೇಂಟ್ ಒಡಿಲ್ ಚರ್ಚಿನಲ್ಲಿ ಸೆಪ್ಟೆಂಬರಿನ ಕೊನೆಯ ಭಾನುವಾರ ಬೂಯಾ ಊಟ. ಕೋಳಿ, ದನದ ಮಾಂಸ, ಎಲೆಕೋಸು, ಕ್ಯಾರೆಟ್ಟು ಎಲ್ಲ ಹಾಕಿ, ಆಳೆತ್ತರದ ಮರದ ಹುಟ್ಟಿನಿಂದ ತಿರುವುತ್ತ, ದೊಡ್ಡ ಹಂಡೆಗಳಲ್ಲಿ ಬೇಯಿಸುವ ಗಟ್ಟಿ ಸಾರು ಅದು. ಜನ ಮನೆಯಿಂದ ಪಾತ್ರೆ ತಂದು ತುಂಬಿಸಿಕೊಂಡು ಹೋಗುತ್ತಾರೆ, ಬಂದ ಹಣ ಚರ್ಚಿಗೆ. ಹಂಡೆಗಳಿಗೆಲ್ಲ ಯಜಮಾನ ನನ್ನ ನಾರ್ಬರ್ಟ್. ಹೆದ್ದಾರಿಯ ತಿರುವಿನಲ್ಲಿ ನಿಲ್ಲಿಸುವ ಬೋರ್ಡು ನನ್ನದು. ಕೊಟ್ಟಿಗೆಗೆ ಬಳಿಯುವ ಕೆಂಪು, ಅದರ ಮೇಲೆ ಬಿಳಿ ಅಕ್ಷರ: ಬೂಯಾ, ಚರ್ಚಿನ ಹೆಸರು, ಸೆಪ್ಟೆಂಬರ್ ಇಷ್ಟನೇ ತಾರೀಕು. ವರ್ಷ ವರ್ಷ ತಾರೀಕನ್ನಷ್ಟೇ ಅಳಿಸಿ ಬರೆಯುತ್ತಿದ್ದೆ. ವಾರ ಯಾವುದು ಅಂತ ಬರೆದವಳೇ ಅಲ್ಲ. ಭಾನುವಾರ ಅಂತ ಯಾರಿಗೆ ಗೊತ್ತಿಲ್ಲ?

ಊಟದ ದಿನ ಸಂಜೆ ನಾರ್ಬರ್ಟ್ ಮೈಯೆಲ್ಲ ಹೊಗೆ ವಾಸನೆ ಹೊತ್ತು ಮನೆಗೆ ಬಂದು, ಬೂಟು ಬಿಚ್ಚುವ ಮೊದಲೇ ಹೇಳುತ್ತಿದ್ದ: "ಇವತ್ತೂ ನಿನ್ ಬೋರ್ಡು ನೋಡ್ಕೊಂಡು ಯಾರೋ ಕಾರು ನಿಲ್ಸಿದ್ರು ಕಣೇ." ಅವನು ತೀರಿಕೊಂಡ ಮೇಲೂ ಆ ಒಂದು ಮಾತಿನ ಬಲದ ಮೇಲೇ ಬೋರ್ಡು ಬರೆಯುತ್ತ ಬಂದೆ.

ಈ ವಸಂತದಲ್ಲಿ ಚರ್ಚಿನ ಸಭೆ ಕರೆದರು. ಚರ್ಚಿನ ಊಟದ ಹಾಲ್‌ನ ಸೂರು ಸೋರುತ್ತಿದೆ, ಬರುವ ಜನ ವರ್ಷದಿಂದ ವರ್ಷಕ್ಕೆ ಕಡಿಮೆ, ಹೊರಗಿನವರು ಬರದೆ ಹೋದರೆ ಹಾಲ್‌ಗೆ ಬೀಗ ಹಾಕಬೇಕಾಗುತ್ತದೆ ಎಂದರು ಪಾದ್ರಿ. ತಕ್ಷಣ ಮಾರ್ಸೆಲಾ ಕೈ ಎತ್ತಿದಳು. ಊಟಕ್ಕೊಂದು ವೆಬ್‌ಸೈಟ್ ಬೇಕಂತೆ, ತಾನೇ ಮಾಡುತ್ತಾಳಂತೆ, ಗ್ರಂಥಾಲಯದಲ್ಲಿ ಮುದುಕರಿಗೆ ಪುಕ್ಕಟೆ ಕಲಿಸುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೂ ಕಲಿತೇ ಇಲ್ಲ, ಅಷ್ಟರಲ್ಲೇ ಚಪ್ಪಾಳೆ! ಪಾದ್ರಿ ನನ್ನ ಕಡೆ ತಿರುಗಿ, ಹಾಗಾದರೆ ಆರ್ಡಿಸ್, ಈ ಸಲ ನೀವು ಆ ಬೋರ್ಡಿನ ಕಷ್ಟ ಪಡುವುದು ಬೇಡ, ವಿಶ್ರಾಂತಿ ತಗೊಳ್ಳಿ ಎಂದು ಮೆತ್ತಗೆ ಹೇಳಿದರು. ಗಾಯದ ಮೇಲೆ ಬರೆ ಎಳೆದಂತಾಯಿತು. ಆಗಲಿ, ಬೋರ್ಡಿಲ್ಲದೆ ಯಾರು ಬರುತ್ತಾರೋ ನಾನೂ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

ಬೇಸಿಗೆಯೆಲ್ಲ ಅವಳಿಗೆ ಅದೇ ಧ್ಯಾನ. ಹಂಡೆ ತಿರುವುವವರ ಹಳೇ ಫೋಟೊ ಹುಡುಕಿದಳು, ಒಡಿಲ್ ಸಂತಳ ಕಥೆ ಬರೆದಳು, ದಾರಿಯ ನಕ್ಷೆ ಹಾಕಿದಳು. ಒಂದು ದಿನ ನನ್ನ ಜಗಲಿಗೆ ಬಂದು, ನಿನ್ನ ಬೋರ್ಡಿನ ಕೆಂಪು ಯಾವ ಕೆಂಪು ಎಂದು ಕೇಳಿದಳು. ಸೈಟಿಗೂ ಅದೇ ಬೇಕಂತೆ. ಬೋರ್ಡು ಕಿತ್ತುಕೊಂಡಿದ್ದು ಸಾಲದೆ ಬಣ್ಣವೂ ಬೇಕೇ ಇವಳಿಗೆ?

"ಅಂಗಡೀಲಿ ಸಿಗೋ ಕೆಂಪು," ಎಂದೆ.

"ಅಂಗಡೀಲಿ ಹತ್ತಾರು ಕೆಂಪು ಇರುತ್ತಲ್ಲೇ."

"ಹಾಗಾದ್ರೆ ಹತ್ತೂ ಹಚ್ಚಿ ನೋಡು."

ಪಾಪ, ಹಚ್ಚಿಯೂ ನೋಡಿದಳು. ಒಂದು ಟೊಮೆಟೊ ತರಹ ಬಂತಂತೆ, ಇನ್ನೊಂದು ಮೂಗಿನಿಂದ ಸೋರಿದ ರಕ್ತದ ತರಹ. ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ಆಗಸ್ಟಿನವರೆಗೆ ಬಾಳಿತು. ಸೈಟು ಸಿದ್ಧವಾಗಿದೆ, ನೋಡಲು ಬನ್ನಿ ಎಂದು ಅವಳು ಚರ್ಚಿನ ಸಮಿತಿಯವರನ್ನೆಲ್ಲ ತನ್ನ ಅಡುಗೆಮನೆಗೆ ಕರೆದಳು. ಕಂಪ್ಯೂಟರ್ ತೆರೆದಳು. ಮೊದಲ ಪುಟದ ತುಂಬ ಒಂದೇ ಫೋಟೊ: ಹೆದ್ದಾರಿಯ ತಿರುವಿನಲ್ಲಿ ನನ್ನ ಬೋರ್ಡು, ಅದಕ್ಕೆ ಕೈಯೂರಿ ನಿಂತ ನಾರ್ಬರ್ಟ್. ಕೆಲವು ವರ್ಷಗಳ ಹಿಂದಿನದು. ಕೆಂಪು ಸಿಗಲಿಲ್ಲ ಅಂತ ಬೋರ್ಡನ್ನೇ ಎತ್ತಿ ಹಾಕಿಬಿಟ್ಟಿದ್ದಾಳೆ, ಜೊತೆಗೆ ನನ್ನ ಗಂಡನನ್ನೂ. ಎಲ್ಲರೂ ಅಯ್ಯೋ ನಾರ್ಬರ್ಟ್, ಆ ನಗು ನೋಡಿ ಎಂದು ಕಣ್ಣೊರೆಸಿಕೊಂಡರು.

"ನನ್ ಗಂಡನ ಫೋಟೊ ಕಣೇ ಅದು. ನನ್ನ ಒಂದ್ ಮಾತು ಕೇಳಬಾರದಿತ್ತಾ?"

"ನನ್ ಅಣ್ಣನೂ ಹೌದಲ್ಲ, ಆರ್ಡಿಸ್?"

ಎದ್ದು ಮನೆಗೆ ಬಂದೆ. ಎಲ್ಲರೂ ನಾರ್ಬರ್ಟನ ಮುಖ ನೋಡಿದರು. ನಾನು ಅವನನ್ನೂ ನೋಡಿದೆ, ಆ ವರ್ಷ ಒಂದು ಅಕ್ಷರ ಸೊಟ್ಟಗಾಗಿತ್ತು, ಅದನ್ನೂ ನೋಡಿದೆ. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಒಬ್ಬರೂ ಓದಲಿಲ್ಲ.

ಊಟದ ಹಿಂದಿನ ದಿನ, ಶನಿವಾರ, ತರಕಾರಿ ಹೆಚ್ಚುವ ದಿನ. ಅವರವರ ಮನೆಯ ಚಾಕು ಹಿಡಿದು ಹೆಂಗಸರು ಗಂಡಸರೆಲ್ಲ ಊಟದ ಹಾಲ್‌ನಲ್ಲಿ ಸೇರುತ್ತೇವೆ. ಈರುಳ್ಳಿಗೆ ಕಣ್ಣೀರು ಸುರಿಸುತ್ತ ಕೂತಿದ್ದಾಗ ಅಂಗಳದಲ್ಲಿ ಕಾರು ನಿಂತ ಸದ್ದು. ಒಂದಾದ ಮೇಲೆ ಒಂದು. ಒಳಗೆ ಬಂದವರೆಲ್ಲ ಹೊಸ ಮುಖಗಳು, ಒಳ್ಳೆ ಬಟ್ಟೆ ಹಾಕಿಕೊಂಡವರು, ಕೈಯಲ್ಲಿ ಪಾತ್ರೆಯಿಲ್ಲ. ಮುಂದೆ ನಿಂತ ಹೆಂಗಸು ದೂರದ ಮಿಲ್ವಾಕಿ ನಗರದವಳು. ಬೂಯಾ ಎಲ್ಲಿ ಎಂದು ಕೇಳಿದಳು. ನಾಳೆ ಎಂದೆವು. ಅವಳು ಫೋನು ಎತ್ತಿ ಸೈಟಿನ ಫೋಟೊ ತೋರಿಸಿದಳು.

"ಬೋರ್ಡಲ್ಲಿ ಇಪ್ಪತ್ತೇಳು ಅಂತ ಬರೆದಿದ್ದೀರಲ್ಲ. ಇವತ್ತೇ ಇಪ್ಪತ್ತೇಳು."

ಫೋಟೊದ ವರ್ಷ ಕೊನೆಯ ಭಾನುವಾರ ಇಪ್ಪತ್ತೇಳಕ್ಕೆ ಬಂದಿತ್ತು, ಈ ವರ್ಷ ಇಪ್ಪತ್ತೆಂಟಕ್ಕೆ. ಸಂತಳ ಕಥೆಯನ್ನು ಅಷ್ಟುದ್ದ ಬರೆದ ಮಾರ್ಸೆಲಾ ತಾರೀಕನ್ನು ಬೇರೆ ಎಲ್ಲೂ ಬರೆದಿರಲಿಲ್ಲ. ಅವಳ ಮುಖ ಸುಣ್ಣವಾಯಿತು. ನನಗೋ ಕುಣಿಯುವ ಹಾಗಿತ್ತು. ಜನ್ಮದಲ್ಲಿ ಒಂದು ಸಲ ಇವಳ ಬಸ್ಸೂ ಚರಂಡಿಗಿಳಿಯಿತಲ್ಲ!

ಇಳಿದದ್ದು ಎಷ್ಟು ಹೊತ್ತು? ಮಾರ್ಸೆಲಾ ಎದ್ದಳು, ಡ್ರಾಯರ್ ಎಳೆದಳು, ಮಿಲ್ವಾಕಿಯವಳ ಕೈಗೊಂದು ಚಾಕು ಇಟ್ಟಳು.

"ಇವತ್ತು ಹೆಚ್ಚೋರಿಗೆ ನಾಳೆ ಮೊದಲ ಹಂಡೆ. ಕೂತ್ಕೊಳ್ಳಿ. ನಾಳೆ ಬರೋವಾಗ ಪಾತ್ರೆ ತನ್ನಿ."

ಅವರು ನಿಜವಾಗಿಯೂ ಕೂತರು. ರೇಷ್ಮೆ ಅಂಗಿಯ ತೋಳು ಮಡಿಚಿ ಕ್ಯಾರೆಟ್ ಹೆರೆದರು, ಬಿಯರ್ ಕುಡಿದರು, ನಮ್ಮ ಮುದುಕರ ಹಳಸಲು ಜೋಕುಗಳಿಗೆಲ್ಲ ನಕ್ಕರು. ಸಂಜೆಯೊಳಗೆ ಪಾದ್ರಿ, ಎಂಥ ಉಪಾಯ ಮಾರ್ಸೆಲಾ, ಬರುವ ವರ್ಷ ಹೆಚ್ಚುವ ದಿನಕ್ಕೂ ಜನರನ್ನು ಕರೆಯೋಣ ಎನ್ನತೊಡಗಿದರು. ತಪ್ಪು ಮಾಡಿದವಳಿಗೆ ಶಭಾಸ್‌ಗಿರಿ! ಈರುಳ್ಳಿಯ ನೆಪದಲ್ಲಿ ನಾನು ಚೆನ್ನಾಗಿ ಅತ್ತೆ.

ಭಾನುವಾರ ಪೂಜೆ ಮುಗಿಯುವಷ್ಟರಲ್ಲಿ ಸಾಲು ರಸ್ತೆ ಮುಟ್ಟಿತ್ತು. ನಮ್ಮವರು ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಹೆದ್ದಾರಿಯ ತಿರುವು ಖಾಲಿ ಇತ್ತು, ಅದರ ಮುಂದೆಯೇ ಬಂದಿದ್ದಾರೆ ಎಲ್ಲರೂ. ಬೋರ್ಡು ಎಲ್ಲಿ ಎಂದು ಯಾರಾದರೂ ಕೇಳುತ್ತಾರೆಂದು ಹಣ್ಣಿನ ಪೈ ಮಾರುವ ಮೇಜಿನ ಹಿಂದೆ ಕಿವಿ ನಿಮಿರಿಸಿ ನಿಂತಿದ್ದೆ. ಯಾರೂ ಕೇಳಲಿಲ್ಲ. ಅವರಿಗೆ ಊಟ ಭಾನುವಾರ ಅಂತ ಗೊತ್ತಿತ್ತು, ಯಾವಾಗಲೂ ಗೊತ್ತಿತ್ತು. ಹಾಗಾದರೆ ನನ್ನ ಬೋರ್ಡು ನೋಡಿ ಕಾರು ನಿಲ್ಲಿಸಿದವರು ಯಾರು? ನಾರ್ಬರ್ಟ್, ಒಬ್ಬರೂ ಇರಲಿಲ್ಲ ಅಲ್ಲವೇ? ಅಷ್ಟು ವರ್ಷ, ಬೂಟು ಬಿಚ್ಚುವ ಮೊದಲೇ ನೀನು ಹೇಳಿದ್ದೆಲ್ಲ ಸುಳ್ಳು.

ಆಗ ಮಿಲ್ವಾಕಿಯ ಹೆಂಗಸು ಬಂದಳು, ತೋಳಲ್ಲಿ ಹೊಸ ಪಾತ್ರೆ, ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ನಿನ್ನೆ ದಾರಿಯುದ್ದಕ್ಕೂ ಆ ಕೆಂಪು ಬೋರ್ಡು ಹುಡುಕ್ತಾ ಬಂದ್ವಿ ಕಣ್ರೀ. ಕಾಣ್ಲೇ ಇಲ್ಲ. ಎರಡು ಸಲ ದಾರಿ ತಪ್ತು. ತೆಗೆದುಬಿಟ್ರಾ?"

ಅವಳ ಪಾತ್ರೆಯ ಮೇಲೆ ಎರಡು ತುಂಡು ಪೈ ಇಟ್ಟು, ದುಡ್ಡು ಬೇಡ ಎಂದು ಕೈಯಾಡಿಸಿ ಕಳಿಸಿದೆ.

ಸಂಜೆ ಹಂಡೆ ತೊಳೆಯುವಾಗ ಮಾರ್ಸೆಲಾ ಪಕ್ಕಕ್ಕೆ ಬಂದು ನಿಂತಳು. ಆ ಫೋಟೊ ಇವತ್ತೇ ತೆಗೆದುಬಿಡುತ್ತೇನೆ, ತಾರೀಕು ತಪ್ಪಿದೆ, ನಿನಗೂ ಇಷ್ಟವಿರಲಿಲ್ಲವಲ್ಲ ಎಂದಳು.

"ತೆಗೀಬೇಡ. ಬರೋ ವರ್ಷ ಇಪ್ಪತ್ತೇಳು ಭಾನುವಾರಾನೇ ಬೀಳುತ್ತೆ. ಕ್ಯಾಲೆಂಡರ್ ನೋಡಿದೀನಿ. ತಿರುವಿನ ಬೋರ್ಡೂ ನಾನೇ ನಿಲ್ಲಿಸ್ತೀನಿ, ಪಾದ್ರಿಗೆ ಹೇಳ್ಬಿಡು."

ಅವಳು ನಕ್ಕಳು. ನಾರ್ಬರ್ಟನದೇ ನಗು, ಅದನ್ನೂ ಇವಳೇ ಹೊಡೆದುಕೊಂಡು ಕೂತಿದ್ದಾಳೆ. ಹೇಳಬೇಕಾದ ಒಂದು ಮಾತು ಮಧ್ಯಾಹ್ನದಿಂದ ಹಾಗೇ ಉಳಿದಿತ್ತು. ಅದನ್ನು ಕೇಳಬೇಕಾದವನು ಇರಲಿಲ್ಲ, ಇದ್ದವಳು ಇವಳು. ಹಂಡೆಯೊಳಗೆ ತಲೆ ಬಗ್ಗಿಸಿ ತಿಕ್ಕುತ್ತಲೇ ಅವಳಿಗೆ ಹೇಳಿದೆ.

"ಇವತ್ತು ನನ್ ಬೋರ್ಡು ನೋಡ್ಕೊಂಡು ಯಾರೋ ಬಂದಿದ್ರು ಕಣೇ."