ದೊಡ್ಡಗಂಗಮ್ಮ ಉದುರಿಸಿದ ಪುಡಿ

ರೇಷ್ಮೆಹುಳಕ್ಕೆ ಶ್ವಾಸಕೋಶವಿಲ್ಲ. ಅದನ್ನು ಸಾಕುವ ಹೆಂಗಸಿಗೆ ಇದೆ. ಹುಳ ತನ್ನ ಮೈಯ ಪಕ್ಕದ ಸೂಜಿಮೊನೆಯಂಥ ತೂತುಗಳಲ್ಲಿ ಉಸಿರಾಡಿಕೊಂಡು ಒಂದು ತಿಂಗಳೊಳಗೆ ಗೂಡು ಕಟ್ಟಿ ಮುಗಿಸುತ್ತದೆ. ಹೆಂಗಸು ಅದೇ ಕೋಣೆಯ ಗಾಳಿಯನ್ನು ಮೂವತ್ತು ವರ್ಷ ಎದೆಗೆ ಎಳೆದುಕೊಳ್ಳುತ್ತಾಳೆ. ನಮ್ಮದು ರೇಷ್ಮೆಯ ಸೀಮೆ ಎಂದು ಮದುವೆಮನೆಗಳಲ್ಲಿ ಸೆರಗು ಸವರಿ ಹೇಳಿಕೊಳ್ಳುವ ಎಲ್ಲರಿಗೂ ಇಷ್ಟು ಗೊತ್ತಿರಬೇಕಾಗಿತ್ತು. ದೊಡ್ಡಗಂಗಮ್ಮನಿಗೆ ಇದನ್ನು ಹೇಳಿಕೊಡಲು ಓದಿದವರು ಯಾರೂ ಬರಲಿಲ್ಲ. ಒಂದು ಕೋಳಿಮರಿ ಬರಬೇಕಾಯಿತು.

ದೊಡ್ಡಗಂಗಮ್ಮ ಗೌನಿಪಲ್ಲಿ ಕಡೆಯ ಹೆಣ್ಣು. ಹತ್ತೊಂಬತ್ತಕ್ಕೆ ಸುಗಟೂರಿನ ಆಚೆಯ ಊರೊಂದಕ್ಕೆ ಸೊಸೆಯಾಗಿ ಬಂದಳು. ಮೂರು ವರ್ಷಕ್ಕೆ ತಂಗಿ ಚಿಕ್ಕಗಂಗಮ್ಮನೂ ಅದೇ ಬೀದಿಗೆ ಸೊಸೆಯಾದಳು. ಈಗ ಅಕ್ಕನಿಗೆ ಐವತ್ತೆರಡು. ಇಬ್ಬರಿಗೂ ಅದೇ ಬೀದಿಯ ನಂದೀಶನ ಹುಳಮನೆಯಲ್ಲಿ ಕೆಲಸ, ಅವನಪ್ಪನ ಕಾಲದಿಂದಲೂ. ಸೊಪ್ಪು ಕೊಯ್ಯುವುದು, ಹೊರುವುದು, ಹುಳಕ್ಕೆ ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುವುದು.

ಆಕೆಗೆ ಊರಲ್ಲಿ ಒಂದು ಹೆಸರಿತ್ತು. ದೊಡ್ಡಗಂಗಮ್ಮನ ಕೈ ಬಿದ್ದ ಹುಳ ಸಾಯುವುದಿಲ್ಲ ಎಂದು. ಅಕ್ಕಪಕ್ಕದ ಮನೆಗಳಲ್ಲಿ ಹಾಲುತೊಂಡೆ ರೋಗ ಬಂದು ಹುಳವೆಲ್ಲ ಕೊಳೆತು ತಿಪ್ಪೆಗೆ ಹೋದ ವರ್ಷವೂ ನಂದೀಶನ ಮನೆಯಲ್ಲಿ ಗೂಡು ಇಳಿದಿತ್ತು. ಗುಟ್ಟೇನು ಎಂದು ಕೇಳಿದರೆ ಆಕೆ ಬಿಳಿ ಪುಡಿಯ ಚೀಲ ತೋರಿಸುತ್ತಿದ್ದಳು. ಸುಣ್ಣದ ಜೊತೆ ಫಾರ್ಮಾಲಿನ್ ಜಾತಿಯ ರಾಸಾಯನಿಕ ಬೆರೆಸಿದ, ರೋಗ ಬರದಂತೆ ಹುಳದ ಹಾಸಿಗೆಗೆ ಉದುರಿಸುವ ಪುಡಿ. ಹುಳ ಪೊರೆ ಬಿಟ್ಟು ಎದ್ದ ಮೇಲೆ ಅದನ್ನು ತೆಳ್ಳನೆ ಬಟ್ಟೆಯಲ್ಲಿ ಗಂಟು ಕಟ್ಟಿ, ಕಿಟಕಿ ಮುಚ್ಚಿ, ತಟ್ಟುತ್ತ ತಟ್ಟುತ್ತ ಸಾಲುಸಾಲಿಗೂ ಉದುರಿಸಬೇಕು. ಅರ್ಧ ಗಂಟೆ ಬಿಟ್ಟು ಸೊಪ್ಪು. ಕೋಣೆಯೊಳಗೆ ಮಂಜು ಕವಿದ ಹಾಗಿರುತ್ತದೆ. ಹೊರಗೆ ಬಂದರೆ ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಬಿಳಿ.

"ಒಂದೇ ದಿನಕ್ಕೆ ಮುದುಕಿ ಆದಲ್ಲಕ್ಕಾ" ಎಂದು ಚಿಕ್ಕಗಂಗಮ್ಮ ನಗುತ್ತಿದ್ದಳು.

"ನೀನೇನ್ ಮದ್ವೆ ಹೆಣ್ಣ? ಮೊದ್ಲು ಮೂಗ್ ಒರೆಸ್ಕೊ."

ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದರು. ಅಕ್ಕನ ಕೆಮ್ಮು ಹಳೆಯದು. ಹನ್ನೊಂದು ವರ್ಷದಿಂದ ಬಿಟ್ಟಿಲ್ಲ. ತೋರಿಸಿಕೊಳ್ಳಲು ಹೋದಾಗೆಲ್ಲ ಡಾಕ್ಟರು ಎರಡು ಪ್ರಶ್ನೆ ಕೇಳಿದ್ದರು: ಬೀಡಿ ಸೇದ್ತೀಯಾ? ಸೌದೆ ಒಲೆನಾ? ಆಕೆ ಬೀಡಿ ಮುಟ್ಟಿದವಳಲ್ಲ, ಮನೆಗೆ ಗ್ಯಾಸ್ ಬಂದು ಎಂಟು ವರ್ಷವಾಗಿತ್ತು. ಏನು ಕೆಲಸ ಮಾಡ್ತೀಯಮ್ಮ ಎಂಬ ಮೂರನೆಯ ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಸಿರಪ್ಪು ಬರೆದುಕೊಟ್ಟು ಕಳಿಸಿದರು.

ಈಚೆಗೆ, ಮಾವಿನ ಹೂವು ಉದುರಿ ಹೀಚು ಕಟ್ಟುವ ಹೊತ್ತಿಗೆ, ಆಕೆಯ ಮನೆಯ ಹೇಂಟೆ ಹನ್ನೊಂದು ಮೊಟ್ಟೆಗೆ ಕಾವು ಕೂತು ಒಂಬತ್ತು ಮರಿ ಎಬ್ಬಿಸಿತು. ನಾಲ್ಕನೆಯ ದಿನ ಕಾಗೆ ಎರಗಿ ಒಂದು ಮರಿಯನ್ನು ಎತ್ತಿತು. ಬೀದಿಯವರು ಕೂಗಿದ್ದಕ್ಕೆ ಬೇಲಿಯ ಮೇಲೆ ಬಿಟ್ಟು ಹಾರಿತು. ಮರಿಯ ಬೆನ್ನಿನಲ್ಲಿ ಕಡಲೆ ಗಾತ್ರದ ಗಾಯ, ಒಂದು ರೆಕ್ಕೆ ಜೋತಿತ್ತು. ತಾಯಿಯ ಹತ್ತಿರ ಬಿಟ್ಟರೆ ಹೇಂಟೆ ರಕ್ತ ಕಂಡು ತಾನೇ ಕುಕ್ಕಲು ಬಂತು.

"ಅದಾಗಲ್ಲ ಬಿಡಕ್ಕಾ" ಎಂದಳು ಚಿಕ್ಕಗಂಗಮ್ಮ. "ಇನ್ನ ಎಂಟವೆ."

"ಎಂಟವೆ ಅಂತ ಒಂಬತ್ತನೇದು ಬಿಸಾಕ್ತಾರೇನೇ? ನಮ್ಮಮ್ಮಂಗೆ ನಾನಿದ್ದೆ, ನಿನ್ನ ಬಿಸಾಕಿದ್ಲಾ?"

"ಬಿಸಾಕಿದ್ರೆ ಚೆನ್ನಾಗಿತ್ತು. ನಿನ್ ಜೊತೆ ಹಿಕ್ಕೆ ಎತ್ತೋದು ತಪ್ತಿತ್ತು."

ದೊಡ್ಡಗಂಗಮ್ಮ ನಗಲಿಲ್ಲ. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಆಕೆ ಬದುಕಿನಲ್ಲಿ ಲಕ್ಷಾಂತರ ಜೀವ ಸಾಕಿದ್ದಾಳೆ, ಒಂದೊಂದಕ್ಕೂ ಸೊಪ್ಪು ಹಾಕಿದ್ದಾಳೆ. ಅಷ್ಟೂ ಕೊನೆಗೆ ಹೋಗಿದ್ದು ಕುದಿಯುವ ನೀರಿಗೆ. ಬದುಕಲಿ ಎಂದೇ ಸಾಕಿದ ಜೀವ ಇದೊಂದು. ಇದನ್ನು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಆ ಮರಿಯನ್ನು ಹಿಡಿದ ರೀತಿ ನೋಡಿದವರಿಗೆ ಗೊತ್ತಾಗುತ್ತಿತ್ತು.

ರಟ್ಟಿನ ಪೆಟ್ಟಿಗೆಗೆ ಗೋಣಿತಾಟು ಹಾಸಿದಳು. ಮೇಲೆ ಬಲ್ಬು ಇಳಿಬಿಟ್ಟಳು. ಕಾವು ಎಷ್ಟಿರಬೇಕು ಎಂದು ಆಕೆಗೆ ಯಾವ ಮೀಟರೂ ಬೇಡ. ಹುಳಮನೆಯಲ್ಲಿ ಮಾಡುವ ಹಾಗೆ ಕೆನ್ನೆ ಹತ್ತಿರ ಹಿಡಿದು ನೋಡಿ ಬಲ್ಬನ್ನು ಒಂದು ಗೇಣು ಮೇಲಕ್ಕೆ ಕಟ್ಟಿದಳು. ಜೋತ ರೆಕ್ಕೆಯನ್ನು ಹಳೆಯ ರವಿಕೆಯ ಪಟ್ಟಿಯಿಂದ ಮೈಗೆ ಸೇರಿಸಿ ಸುತ್ತಿದಳು. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ. ಹತ್ತಿಯ ಬತ್ತಿಯನ್ನು ರಾಗಿ ಅಂಬಲಿಯಲ್ಲಿ ಅದ್ದಿ ಕೊಕ್ಕಿನ ಪಕ್ಕಕ್ಕೆ ಹಿಡಿದು, ತವರಿನ ತೆಲುಗಿನಲ್ಲಿ "ತಾಗು ನಾಯ್ನಾ, ತಾಗು", ಕುಡಿ ಕಂದಾ ಕುಡಿ, ಎಂದು ಕುಡಿಸಿದಳು. ಮೂರನೆಯ ದಿನ ಮರಿ ತಾನಾಗಿ ನುಚ್ಚು ಹೆಕ್ಕಿತು. ನಾಲ್ಕನೆಯ ದಿನ ಆಕೆಯ ದನಿ ಕೇಳಿದರೆ ಕತ್ತೆತ್ತಿ ಕೂಗತೊಡಗಿತು. ಕೆಲಸ ಬಿಟ್ಟು ಓಡಿ ಬಂದು ನೋಡಿ ಹೋಗುವುದು ಹೆಚ್ಚಾಯಿತು. "ಬಾಣಂತನಕ್ಕೆ ರಜಾ ಬೇಕಾ ಗಂಗಕ್ಕ?" ಎಂದು ನಂದೀಶ ಕೂಡ ಛೇಡಿಸಿದ.

ಐದನೆಯ ದಿನ ಗಾಯ ವಾಸನೆ ಹೊಡೆಯಿತು. ಅಂಚಿನಲ್ಲಿ ನೊಣ ಕೂತಿತ್ತು.

ಆಕೆ ಮರಿಯನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ, ಬಸ್ಸು ಹತ್ತಿ ಪಶು ಚಿಕಿತ್ಸಾಲಯಕ್ಕೆ ಹೋದಳು. ಯಾವ ಊರಿನದು ಎಂದು ಹೆಸರಿಸುವ ಅಗತ್ಯವಿಲ್ಲ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯುತ್ತದೆ. ಡಾಕ್ಟರು ಹಸುಗಳಿಗೆ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಮೇಜಿನ ಹಿಂದೆ ಕಾಂಪೌಂಡರ್ ಚನ್ನರಾಯಪ್ಪ ಕೂತಿದ್ದ.

"ಹಸು ಎಲ್ಲಮ್ಮ?"

"ಹಸು ಅಲ್ಲಣ್ಣ. ಇದು."

ಅವನು ಬಟ್ಟೆ ಸರಿಸಿ ನೋಡಿ ನಕ್ಕ. "ಬಸ್ ಫ್ರೀ ಅಂತ ಕೋಳಿಮರೀನೂ ಊರ್ ನೋಡಕ್ ಬಂದೈತಾ?"

ಬೆಂಚಿನಲ್ಲಿದ್ದವರೂ ನಕ್ಕರು. ದೊಡ್ಡಗಂಗಮ್ಮ ನಿಂತೇ ಇದ್ದಳು. "ಗಾಯ ನಾರ್ತೈತಣ್ಣ. ಹುಳ ಬೀಳೋಕ್ ಮುಂಚೆ ಏನಾರ ಕೊಡು."

"ಅಮ್ಮಾ, ಇದುಕ್ಕೆಲ್ಲ ನಮ್ಹತ್ರ ಔಷಧಿ ಇಲ್ಲ. ಏನಾರ ಪೌಡ್ರು ಹಾಕೋಗು."

"ಯಾವ ಪೌಡ್ರಣ್ಣ?"

"ಯಾವ್ದೋ ಒಂದು. ಮನೇಲಿರೋದು ಹಾಕು. ಬದುಕಿದ್ರೆ ಬದುಕ್ತದೆ."

ಒಂದು ಪುಡಿಯ ಹೆಸರು ಹೇಳಲು ಅವನಿಗೆ ಎಷ್ಟು ಹೊತ್ತು ಬೇಕಿತ್ತು? ಎದ್ದು ಒಂದು ಡಬ್ಬಿ ತೋರಿಸಲು? ಗದರಿಸಿಯಾದರೂ ಸರಿ, ಬರಿ ಉಪ್ಪುನೀರಲ್ಲಿ ತೊಳಿ, ಬೇರೆ ಏನೂ ಹಾಕಬೇಡ ಎನ್ನಲು? ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಚಿಕ್ಕ ಜೀವ, ಬಡ ಹೆಂಗಸು, ಎರಡೂ ಎದುರು ನಿಂತಾಗ ಬಾಯಿಗೆ ಬಂದ ಮಾತು ಸಾಕು ಎಂದುಕೊಳ್ಳುವುದು ನಮ್ಮಲ್ಲಿ ಅವನೊಬ್ಬನ ಅಭ್ಯಾಸವಲ್ಲ.

ಬಸ್ಸಿನಲ್ಲಿ ಬರುತ್ತ ಆಕೆ ಯೋಚನೆ ಮಾಡಿದಳು. ಪೌಡ್ರು. ಆಕೆಗೆ ಗೊತ್ತಿದ್ದ ಪೌಡ್ರುಗಳಲ್ಲಿ ಆ ಬಿಳಿ ಪುಡಿಯನ್ನು ಮೀರಿಸಿದ್ದಿಲ್ಲ. ಕೊಳೆಯುವ ರೋಗವನ್ನು ಹತ್ತಿರ ಬಿಡದ ಪುಡಿ. ಕೂದಲಿಗಿಂತ ಸ್ವಲ್ಪ ದಪ್ಪ ಇರುವ ಹುಳಕ್ಕೇ ಏನೂ ಆಗದಿದ್ದರೆ ಮರಿಗೇನಾದೀತು? ಆಕೆ ತಪ್ಪು ಲೆಕ್ಕ ಹಾಕಲಿಲ್ಲ, ಆಕೆಗೆ ಗೊತ್ತಿದ್ದಷ್ಟರಲ್ಲಿ ಸರಿಯಾಗಿಯೇ ಹಾಕಿದಳು. ಗೊತ್ತಿದ್ದವರು ಹೇಳಿರಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ನಂದೀಶನ ಚೀಲದಿಂದ ಒಂದು ಹಿಡಿ ಪುಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು. ಗಾಯದ ಮೇಲೆ ಉದುರಿಸಿದಳು. ರೋಗ ಹಾಸಿಗೆಯಲ್ಲೂ ಇರುತ್ತದೆ ಎಂದು ಕಲಿತವಳು. ಗೋಣಿತಾಟಿನ ಮೇಲೂ ಬೆಳ್ಳಗಾಗುವಂತೆ ತಟ್ಟಿದಳು. ನೊಣ ಒಳಗೆ ಹೋಗದಿರಲಿ ಎಂದು ಪೆಟ್ಟಿಗೆಗೆ ದಪ್ಪ ಟವೆಲು ಮುಚ್ಚಿದಳು. ಮೇಲೆ ಬಲ್ಬು ಉರಿಯುತ್ತಿತ್ತು. ಸೊಪ್ಪಿಗೆ ಹೊತ್ತಾಯಿತೆಂದು ಹೋದಳು.

ಮಧ್ಯಾಹ್ನ ಊಟಕ್ಕೆ ಬಂದಾಗ ಮರಿ ಕೂಗಲಿಲ್ಲ. ಟವೆಲು ತೆಗೆದಳು. ಮರಿ ಕತ್ತನ್ನು ಮೇಲಕ್ಕೆ ಚಾಚಿ, ಕೊಕ್ಕು ಅಗಲ ತೆರೆದುಕೊಂಡು ಗಾಳಿಯನ್ನು ಕಚ್ಚುವ ಹಾಗೆ ಉಸಿರೆಳೆಯುತ್ತಿತ್ತು. ಕಣ್ಣುಗಳು ಊದಿ ಅಂಟಿಕೊಂಡಿದ್ದವು. ಪ್ರತಿ ಉಸಿರಿಗೂ ಎದೆಯೊಳಗಿಂದ ಗೊರಗೊರ ಸದ್ದು.

"ಏಯ್ ಚಿಕ್ಕೀ, ಬಾರೇ ಇಲ್ಲಿ!"

ಚಿಕ್ಕಗಂಗಮ್ಮ ಕೈ ತೊಳೆಯದೆ ಓಡಿ ಬಂದಳು. ಪೆಟ್ಟಿಗೆಗೆ ಬಗ್ಗಿದವಳೇ ಕೆಮ್ಮಿ ಹಿಂದೆ ಸರಿದಳು. ಕಣ್ಣಲ್ಲಿ ನೀರು. "ಅಕ್ಕಾ, ಏನ್ ಹಾಕ್ದೆ ಇದುಕ್ಕೆ? ಇದು ಹುಳಮನೆ ವಾಸ್ನೆ."

ದೊಡ್ಡಗಂಗಮ್ಮನಿಗೂ ಕೆಮ್ಮು ಬಂತು. ಬಗ್ಗಿ, ಮೊಣಕಾಲು ಹಿಡಿದು ಕೆಮ್ಮಿದಳು. ಕೆಮ್ಮು ನಿಂತಾಗ ಆಕೆಯ ಎದೆಯಿಂದ ಒಂದು ಸದ್ದು ಬರುತ್ತಿತ್ತು. ತಂಗಿ ಅಕ್ಕನನ್ನು ನೋಡಿದಳು, ಮರಿಯನ್ನು ನೋಡಿದಳು.

"ಅಕ್ಕಾ, ಎರಡೂ ಒಂದೇ ಸದ್ದು" ಎಂದಳು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಮರಿಯನ್ನು ಬಾಗಿಲ ಹೊರಗೆ ಗಾಳಿಗೆ ತಂದರು. ಬೆಚ್ಚಗಿನ ನೀರಲ್ಲಿ ಬೆನ್ನು ತೊಳೆದರು, ಒದ್ದೆ ಬಟ್ಟೆಯಲ್ಲಿ ಕಣ್ಣು ಒರೆಸಿದರು. ದೊಡ್ಡಗಂಗಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊಸಿಲ ಮೇಲೆ ಕೂತಳು. ಅಂಬಲಿ ಕುಡಿಯಲಿಲ್ಲ. ಬಿಸಿಲು ಎದುರು ಮನೆಯ ಗೋಡೆ ಹತ್ತುವ ಹೊತ್ತಿಗೆ ಕೊಕ್ಕು ತೆರೆದಿದ್ದು ಹಾಗೇ ನಿಂತಿತು.

"ನಾನೇ ಸಾಯಿಸ್ದೆ" ಎಂದಳು ಆಕೆ. "ಸಾಯೋ ಹುಳಾನೆಲ್ಲ ಬದುಕ್ಸಿ, ಬದುಕೋ ಮರೀನ ಸಾಯಿಸ್ದೆ."

ಇಲ್ಲ. ಆಕೆ ಸಾಯಿಸಲಿಲ್ಲ. ಈ ಮಾತನ್ನು ಆಕೆಗೆ ಹೇಳಬೇಕಾದವರು ಬಹಳ ಜನ ಇದ್ದಾರೆ, ಅವರಲ್ಲಿ ಒಬ್ಬರೂ ಆ ಹೊಸಿಲ ಹತ್ತಿರ ಇರಲಿಲ್ಲ.

ಹತ್ತು ದಿನ ಕಳೆಯಿತು. ನಂದೀಶನ ಆ ಬೆಳೆ ಮುಗಿದು ಹೊಸ ಹುಳ ಬಂತು. ಹುಳ ಪೊರೆ ಬಿಟ್ಟು ಎದ್ದ ಬೆಳಿಗ್ಗೆ ಅವನು ಪುಡಿಯ ಚೀಲ ತಂದು ಬಾಗಿಲಲ್ಲಿಟ್ಟ. ಕೆಲಸಕ್ಕೆ ಬಂದಿದ್ದವರು ನಾಲ್ಕು ಹೆಂಗಸರು. ದೊಡ್ಡಗಂಗಮ್ಮ ಚೀಲ ಎತ್ತಲಿಲ್ಲ.

"ನಂದೀಶಪ್ಪಾ, ಇದ್ರ ಮ್ಯಾಲೆ ಏನ್ ಬರೆದವ್ರೆ, ಓದು."

"ಈಗ್ಯಾಕ್ ಗಂಗಕ್ಕ? ಹೊತ್ತಾಗ್ತೈತೆ. ಹುಳ ಎದ್ದವೆ."

"ಹುಳ ಕಾಯ್ಲಿ. ಮೂವತ್ತು ವರ್ಷ ನಾನ್ ಅವುಕ್ಕೆ ಕಾದಿಲ್ವಾ? ಓದು. ಗಟ್ಟಿಯಾಗ್ ಓದು."

ನಂದೀಶ ಪಿಯುಸಿ ಓದಿದವನು. ಎಷ್ಟೋ ಚೀಲ ಕತ್ತರಿಸಿದ್ದವನು ಮೊದಲ ಸಲ ಚೀಲ ತಿರುಗಿಸಿ ಹಿಂಬದಿ ನೋಡಿದ. ಇರುವೆ ಸಾಲಿನಂಥ ಅಕ್ಷರ. ತಡವರಿಸುತ್ತ ಓದಿದ: ಉಸಿರಿನೊಳಗೆ ಹೋಗದಂತೆ ಎಚ್ಚರ ವಹಿಸಿ. ಬಳಸುವಾಗ ಮಾಸ್ಕ್ ಮತ್ತು ಕೈಗವಸು ಧರಿಸಿ. ಕಣ್ಣಿಗೆ ತಾಗಿದರೆ ತಕ್ಷಣ ತೊಳೆಯಿರಿ. ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡಿ.

ಕೊನೆಯ ಸಾಲು ಓದಿ ಅವನು ಕತ್ತೆತ್ತಲಿಲ್ಲ. ಚಿಕ್ಕಗಂಗಮ್ಮ ಕೇಳಿದಳು: "ಮಾಸ್ಕು ನಿಮ್ಮನೇಲಿ ಐತಲ್ಲಪ್ಪ. ನೀನು ಔಷಧಿ ಸ್ಪ್ರೇ ಮಾಡ್ವಾಗ ಹಾಕ್ಕೊಂತೀಯಲ್ಲ, ಅದು?"

"ಐತೆ" ಎಂದ ಅವನು, ತೀರಾ ಸಣ್ಣ ದನಿಯಲ್ಲಿ. "ಒಂದೈತೆ."

"ಹಂಗಾರೆ ಒಬ್ರಿಗಾಯ್ತು. ನೀನೇ ಹಾಕ್ಕೊಂಡ್ ಉದುರ್ಸು" ಎಂದಳು ದೊಡ್ಡಗಂಗಮ್ಮ. "ನಾಕ್ ತಂದ್ ದಿನ ನಾವ್ ಪುಡಿ ಉದುರ್ಸಕ್ ಬರ್ತೀವಿ."

ನಂದೀಶ ಸಿಟ್ಟು ಮಾಡಿಕೊಳ್ಳಬಹುದಿತ್ತು, ನಾಳೆಯಿಂದ ಬರಬೇಡಿ ಎನ್ನಬಹುದಿತ್ತು. ಅವನ ಬಾಯಿಗೆ ಆ ಮಾತು ಬಂದೂ ಇತ್ತೇನೋ. ಒಳಗಿದ್ದದ್ದು ಸೊಪ್ಪಿಗೆ ಕಾದು ತಲೆಯೆತ್ತಿದ ಹುಳ, ಹೊರಗಿದ್ದದ್ದು ಎದ್ದೇಳದೆ ಕಟ್ಟೆಯ ಮೇಲೆ ಕೂತ ನಾಲ್ವರು. ಅವನು ಮಾಸ್ಕು ಕಟ್ಟಿಕೊಂಡು ಒಳಗೆ ಹೋದ. ಮುಚ್ಚಿದ ಕಿಟಕಿಯ ಹಿಂದೆ ಪುಡಿಗಂಟು ತಟ್ಟುವ ಸದ್ದು ಹೊರಗೆ ಕೇಳುತ್ತಿತ್ತು. ಮಾಸ್ಕು ಇದ್ದೂ ಅವನು ಎರಡು ಸಲ ಹೊರಗೆ ಬಂದು ಗೋಡೆ ಹಿಡಿದು ಕೆಮ್ಮಿದ. ಯಾರೂ ನಗಲಿಲ್ಲ. ಚಿಕ್ಕಗಂಗಮ್ಮ ಚೊಂಬಿನಲ್ಲಿ ನೀರು ಕೊಟ್ಟಳು.

ಎಂಟನೆಯ ದಿನ ಕೋಲಾರದಿಂದ ನಾಲ್ಕು ಮಾಸ್ಕು, ನಾಲ್ಕು ಜೊತೆ ಕೈಗವಸು ಬಂದವು. ಇದನ್ನು ಯಾರೂ ಕೇಳುವುದೇ ಇಲ್ಲ ಎಂದು ಅಂಗಡಿಯವನು ಆಶ್ಚರ್ಯಪಟ್ಟನಂತೆ. ದೊಡ್ಡಗಂಗಮ್ಮ ಈಗ ಮಾಸ್ಕು ಕಟ್ಟಿಕೊಂಡೇ ಪುಡಿ ಉದುರಿಸುತ್ತಾಳೆ. ಕೆಮ್ಮು ಹೋಗಿಲ್ಲ. ಮೂವತ್ತು ವರ್ಷ ಒಳಗೆ ಹೋದದ್ದು ನಾಲ್ಕು ಪದರದ ಬಟ್ಟೆಗೆ ಹೆದರಿ ಹೊರಗೆ ಬರುವುದಿಲ್ಲ. ಬೀದಿಯಲ್ಲಿ ಇನ್ನೂ ಹದಿನಾಲ್ಕು ಹುಳಮನೆಗಳಿವೆ, ಅಲ್ಲಿ ಸೆರಗೇ ಮಾಸ್ಕು.

ಇದನ್ನು ಓದುತ್ತಿರುವ ನಿಮಗೂ ಒಂದು ಹುಳಮನೆ ಇರಬಹುದು, ಟೊಮೆಟೊ ತೋಟ ಇರಬಹುದು, ಮಾವಿನ ತೋಪು ಇರಬಹುದು. ಅಲ್ಲಿ ಒಬ್ಬಳು ಹೆಂಗಸು ಬರಿಗೈಯಲ್ಲಿ, ಬರಿಮೂಗಿನಲ್ಲಿ ನಿಮಗಾಗಿ ಏನೋ ಉದುರಿಸುತ್ತಿದ್ದಾಳೆ. ಏಳಿ. ಆ ಚೀಲವನ್ನು ಹೊರಗೆ ತನ್ನಿ. ಆಕೆಯ ಎದುರು ಕೂತು ಅದರ ಹಿಂಬದಿಯಲ್ಲಿರುವುದನ್ನು ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ ಹೇಳಿ. ಅದರಲ್ಲಿ ಬರೆದದ್ದನ್ನೆಲ್ಲ ತಂದು ಆಕೆಯ ಕೈಗೆ ಕೊಡುವವರೆಗೆ ಆಕೆಯನ್ನು ಒಳಗೆ ಕಳಿಸಬೇಡಿ.