ಟಿಕ್ಕಿನಿಂದ ಟಿಕ್ಕಿಗೆ

ನಮ್ಮ ಭಾವ, ಅಕ್ಕನ ಗಂಡ, ಮೆಕ್ಯಾನಿಕ್. ಡಾಕ್ಟರಮ್ಮನ ಹಳೆಯ ದೊಡ್ಡ ಕಾರನ್ನು ಇಪ್ಪತ್ತಾರು ವರ್ಷ ಅವರೊಬ್ಬರೇ ನೋಡಿಕೊಂಡರು.

ಆ ಕಾರಿಗೆ ಸ್ಪ್ರಿಂಗೇ ಇಲ್ಲ, ಎಣ್ಣೆಯ ಮೇಲೆ ನಿಲ್ಲುತ್ತದೆ. ಚಕ್ರಕ್ಕೊಂದು ಕಬ್ಬಿಣದ ಗುಂಡು. ಅದರೊಳಗೆ ಅರ್ಧ ಗ್ಯಾಸು, ಅರ್ಧ ಹಸಿರೆಣ್ಣೆ, ನಡುವೆ ರಬ್ಬರಿನ ಪೊರೆ. ಒತ್ತಡ ಕೂಡಿಡಲು ಐದನೆಯ ಗುಂಡೊಂದು ಎಂಜಿನ್ನಿನ ಪಕ್ಕ. ಕೀಲಿ ತಿರುಗಿಸಿದರೆ ಮಲಗಿದ ಹಸು ಏಳುವ ಹಾಗೆ ಮೊದಲು ಹಿಂಭಾಗ, ಆಮೇಲೆ ಮೂತಿ ಏಳುತ್ತಿತ್ತು. ನಿಲ್ಲಿಸಿದರೆ ನಿಟ್ಟುಸಿರಿಟ್ಟು ಮೆಲ್ಲಗೆ ಕುಸಿಯುತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಹೊಲಿಯುತ್ತ ಕೂತ ನನಗೆ ನಾನೇ ಏರಿ ಇಳಿದಂತಾಗುತ್ತಿತ್ತು.

ಎಂಜಿನ್ ಓಡುವಾಗ ಒಳಗೆ ಸಣ್ಣಗೆ 'ಟಿಕ್' ಎನ್ನುತ್ತದೆ. ಒಂದು ಟಿಕ್ಕಿನಿಂದ ಇನ್ನೊಂದಕ್ಕೆ ಭಾವ ಎಣಿಸುವರು. ಮೂವತ್ತಾದರೆ ಕಾರು ಗಟ್ಟಿ. ಮೂರಕ್ಕೇ ಬಂದರೆ ಐದನೆಯ ಗುಂಡು ಸತ್ತಿದೆ ಎಂದರ್ಥ. ಬ್ರೇಕಿಗೂ ಅದೇ ಒತ್ತಡ, ಹುಡುಗಾಟವಲ್ಲ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಕಾರು ತಂದರು. "ಮಧ್ಯಾಹ್ನ ಅಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬರ್ಬೇಕು. ಬೆನ್ನುಮೂಳೆಗೆ ಏಟು, ಬೇರೆ ಗಾಡಿ ಕುಲುಕಾಟ ತಡೆಯಲ್ಲ. ಇದು ಸರಿಯಾಗಿದೆ ತಾನೇ?"

ಭಾವ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸಿದರು. "ಸೊಗಸಾಗಿದೆ ತಾಯಿ."

ನನ್ನ ಸೂಜಿ ನಿಂತಿತು. ಅಲ್ಲಿಯವರೆಗೆ ಒಂದೊಂದು ಹೊಲಿಗೆಗೂ ಒಂದೊಂದು ಟಿಕ್ಕು ಬೀಳುತ್ತಿತ್ತು.

ಮಧ್ಯಾಹ್ನ ಬರುವೆನೆಂದು ಕಾರು ಅಲ್ಲೇ ಬಿಟ್ಟು ಅವರು ಹೋದ ಮೇಲೆ, ಭಾವನ ಹತ್ತಿರ ಹೋಗಿ ಕೇಳಿದೆ. "ಭಾವ, ನಿಮಗೆ ಟಿಕ್ ಕೇಳಿಸ್ತಾ?"

ಒಳಗಿನಿಂದ ಅಕ್ಕನ ದನಿ ಬಂತು: "ಊಟಕ್ಕೆ ಕೂಗಿದ್ರೇ ಕೇಳಿಸಲ್ಲ, ಟಿಕ್ ಕೇಳಿಸುತ್ತಾ ಈ ಮಹಾರಾಯರಿಗೆ!"

ಅದೂ ಅವರಿಗೆ ಕೇಳಿಸಲಿಲ್ಲ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ಹತ್ತಿರದ ಮಾತು ಕೇಳುತ್ತೆ ಪುಟ್ಟಿ, ಸಣ್ಣ ಸದ್ದು ಹೋಗಿ ವರ್ಷ ಆಯ್ತು. ಆದ್ರೆ ಹಳೇ ಟಿಕ್ಕು ತಲೆಯೊಳಗೆ ಬಡೀತಾನೇ ಇರುತ್ತೆ, ಅದನ್ನೇ ಎಣಿಸ್ತೀನಿ. ನಿಜ ಹೇಳಿದ್ರೆ ಈ ಕಾರು ಇನ್ನೊಬ್ಬರ ಪಾಲು. ಆಮೇಲೆ ನಾನು ಯಾರು?"

"ದಾರೀಲಿ ಬ್ರೇಕ್ ಕೈಕೊಟ್ರೆ?"

ಭಾವ ಎಂಜಿನ್ ಆರಿಸಿ, ಕಾರಿನಡಿ ಮರದ ದಿಮ್ಮಿ ಕೊಟ್ಟು, ಒತ್ತಡದ ಸ್ಕ್ರೂ ಸಡಿಲಿಸಿದರು. ಕಾರು ಉಸಿರುಬಿಟ್ಟು ದಿಮ್ಮಿಯ ಮೇಲೆ ಕೂತಿತು. ಸತ್ತ ಗುಂಡು ಬಿಚ್ಚಿ, ಹೊಸ ರಬ್ಬರ್ ಉಂಗುರಕ್ಕೆ ಹಸಿರೆಣ್ಣೆ ಸವರಿ, ಕಪಾಟಿನಲ್ಲಿದ್ದ ಹೊಸ ಗುಂಡು ಕೂಡಿಸಿ ಸ್ಕ್ರೂ ಬಿಗಿದರು. ಎಂಜಿನ್ ಹಚ್ಚಿ ನನ್ನೆದುರು ಅಂಗೈ ಚಾಚಿದರು. "ಕೇಳಿದಾಗ ತಟ್ಟು."

ಕಾರು ಎದ್ದಿತು. ಟಿಕ್. ತಟ್ಟಿದೆ. ಆಮೇಲೆ ಬರೀ ಗುನುಗು. ಶೆಡ್ಡು, ಬಿಸಿಲು, ನಾವಿಬ್ಬರು, ಎಲ್ಲ ನೆಲ ಬಿಟ್ಟು ಬೆರಳಷ್ಟು ಮೇಲೆ ತೇಲಿದಂತಿತ್ತು. ಅವರ ತುಟಿ ಇಪ್ಪತ್ತು ದಾಟಿತು. ಮೂವತ್ತೊಂದಕ್ಕೆ ಮತ್ತೆ ತಟ್ಟಿದೆ. ಅವರ ಕಣ್ಣು ತುಂಬಿತ್ತು.

ಡಾಕ್ಟರಮ್ಮ ಬಂದಾಗ ಭಾವನೇ ಬಾಯಿಬಿಟ್ಟರು. "ಬೆಳಿಗ್ಗೆ ಸುಳ್ಳು ಹೇಳಿದೆ ತಾಯಿ. ನನ್ನ ಕಿವಿ ಕೆಟ್ಟಿದೆ. ಈಗ ಗುಂಡು ಬದಲಾಯಿಸಿದ್ದೀನಿ, ಕೇಳಿದ್ದು ನಮ್ಮ ನಾದಿನಿ. ನಂಬಿಕೆ ಇದ್ರೆ ತಗೊಂಡ್ಹೋಗಿ."

ಡಾಕ್ಟರಮ್ಮ ಕಾರಿನ ಬಾಗಿಲು ತೆಗೆದು ಹಿಡಿದರು. "ಹಾಗಾದ್ರೆ ಇನ್ಮೇಲೆ ನನ್ನ ಕಾರಿಗೆ ಇಬ್ಬರು ಮೆಕ್ಯಾನಿಕ್ಕು. ಹತ್ತಿ."

ಆಸ್ಪತ್ರೆಯಿಂದ ಬರುವಾಗ ಹಿಂದಿನ ಸೀಟಿನಲ್ಲಿ ಡಾಕ್ಟರಮ್ಮನ ತಾಯಿಯ ತಲೆ ನನ್ನ ತೊಡೆಯ ಮೇಲಿತ್ತು. ಕಲ್ಲು, ಗುಂಡಿ, ಎಲ್ಲ ನಮ್ಮಡಿ ನೀರಿನಂತೆ ಸರಿದು ಹೋದವು. ಅವರ ಮನೆಯ ಗೇಟಿನೆದುರು ನಿಂತಾಗ ಆಕೆ ಕಣ್ಣು ಬಿಟ್ಟರು.

"ಇನ್ನೂ ಹೊರಟಿಲ್ವಾ?"

ಮುಂದೆ ಕೂತ ಭಾವನಿಗೆ ಆ ಮೆಲುದನಿ ಕೇಳಿಸಲಿಲ್ಲ. ಬಾಗಿ, ಅವರ ಅಂಗೈಗೆ ಒಮ್ಮೆ ತಟ್ಟಿದೆ.