ಹೊಗೆ ಬ್ಯಾಡ, ಒಲೆ ಬೇಕು

ಮಾತಾಡುವಾಗಲೂ ಖಾಲಾ ಅವರ ತುಟಿಯ ಎಡಮೂಲೆಯಲ್ಲಿ ಎರಡು ಗುಂಡುಸೂಜಿ ಇರುತ್ತಿದ್ದವು. ಅವು ಅಲ್ಲಾಡುತ್ತಿದ್ದವೇ ಹೊರತು ಒಂದು ದಿನವೂ ಬಿದ್ದದ್ದನ್ನು ನಾನು ಕಂಡಿಲ್ಲ. ಅವನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರೆ ಮಾತ್ರ ಎದುರಿಗಿದ್ದವರು ಹುಷಾರಾಗಬೇಕಿತ್ತು, ಜಗಳ ಗ್ಯಾರಂಟಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿಯಲ್ಲಿ ಅವರು ಬಟ್ಟೆ ಹೊಲಿಯುತ್ತಿದ್ದರು. ನಮ್ಮದು ಅವರ ಗೋಡೆಯಾಚೆಯ ಮನೆ; ಚಿಕ್ಕಮ್ಮ ಎನ್ನುವಂತೆ ಓಣಿಯೆಲ್ಲ ಅವರನ್ನು ಖಾಲಾ ಎನ್ನುತ್ತಿತ್ತು.

ಅವರು ಹೊಲಿಯುತ್ತಿದ್ದದ್ದು ಹೆಚ್ಚಾಗಿ ಶಾಲೆಯ ಬಿಳಿ ಅಂಗಿ. ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ನೆನೆಸಿ ಮಾಳಿಗೆಯ ಮೇಲೆ ಒಣಹಾಕುವರು. "ತೊಟ್ಟಮೇಲೆ ಕುಗ್ಗೋದಕ್ಕಿಂತ ಮೊದ್ಲೇ ಕುಗ್ಗಲಿ" ಎನ್ನುವರು. ಭಟ್ಟಿಗಳಲ್ಲಿ ಉರುವಲಿಗೆಂದು ಹಳೆ ಟೈರು ಸುಡತೊಡಗಿದ ಮೇಲೆ ಆ ಬಟ್ಟೆಗೆಲ್ಲ ಮಸಿ. ಮನೆಮನೆಯಲ್ಲೂ ಕೆಮ್ಮು. ಖಾಲಾ ಅವರ ತಮ್ಮನದೂ ಒಂದು ಭಟ್ಟಿ ಇತ್ತು, ಆ ತಮ್ಮನ ಮಗಳೇ ಉಸಿರಿಗಾಗಿ ಒದ್ದಾಡುತ್ತಿದ್ದಳು.

ಖಾಲಾ ಕೂಗಾಡಲಿಲ್ಲ. ದಿನಕ್ಕೊಂದು ಅಂಗೈಯಗಲದ ಬಿಳಿ ತುಂಡನ್ನು ಮಾಳಿಗೆಯ ತಂತಿಗೆ ಸಿಕ್ಕಿಸಿ, ಮರುದಿನ ಬಿಚ್ಚಿ, ಮೂಲೆಯಲ್ಲಿ ಕೆಂಪು ದಾರದಿಂದ ತಾರೀಖು ಹೊಲಿದು ಇಟ್ಟರು. ಬಾಯಿಮಾತು ಸಾಹೇಬರು ಮರೆಯುತ್ತಾರೆ, ಬಟ್ಟೆ ಮರೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ತುಂಡುಗಳ ಗಂಟಿನ ಜೊತೆ ಮಾಲಿನ್ಯ ನಿಯಂತ್ರಣ ಕಚೇರಿಗೆ ಕೊಡಲು ಅರ್ಜಿ ಬರೆದವಳು ನಾನು. ಆಗಷ್ಟೇ ವಿದ್ಯಾನಗರದ ಕಾಲೇಜು ಸೇರಿ, ಭಾಷಣದಲ್ಲಿ ಬಹುಮಾನ ಹೊಡೆದು, ನೆಲದ ಮೇಲೆ ಕಾಲಿಲ್ಲದ ಕಾಲ. ಟೈರ್ ಸುಡುವುದನ್ನು ನಿಲ್ಲಿಸಿರಿ ಎಂದಷ್ಟೇ ಬರೆಯಲು ಖಾಲಾ ಹೇಳಿದ್ದರು. ನಾನು ಬರೆದದ್ದು, "ಜನರ ಪ್ರಾಣ ಹಿಂಡುತ್ತಿರುವ ಈ ಭಟ್ಟಿಗಳನ್ನು ಕೂಡಲೇ ಮುಚ್ಚಿಸಬೇಕು." ಬರೆದು ನಾನೇ ಪುಳಕಗೊಂಡೆ. ಖಾಲಾಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ನನ್ನನ್ನು ನಂಬಿ ಸಹಿ ಹಾಕಿದರು.

ಯಾವ ಅರ್ಜಿಗೂ ಅಲ್ಲಾಡದ ಕಚೇರಿ ಇದಕ್ಕೆ ಅಲ್ಲಾಡಿಬಿಟ್ಟಿತು. ಒಂದೊಂದು ಭಟ್ಟಿಗೂ ತಿಂಗಳೊಳಗೆ ಮುಚ್ಚುವಂತೆ ನೋಟಿಸ್ ಬಂತು. ಖಾಲಾ ಅವರ ತಮ್ಮ ಅದನ್ನು ಹಿಡಿದು ಅಕ್ಕನ ಬಾಗಿಲಲ್ಲಿ ನಿಂತರು.

"ಆಪಾ, ಹೊಗೆ ಬ್ಯಾಡ ಅನ್ನಾಕ ಹೋಗಿ ಅನ್ನಾನೇ ಬ್ಯಾಡ ಅಂತ ಬರೆದು ಕೊಟ್ಟು ಬಂದ್ಯಾ?"

ನನ್ನ ಹೆಸರು ಯಾವಾಗ ಹೊರಬೀಳುವುದೋ ಎಂದು ನಾನು ಗೋಡೆಯ ಈಚೆ ಕಿವಿಯಾನಿಸಿ ನಿಂತಿದ್ದೆ. ಖಾಲಾ ಅಂದರು, "ಸಹಿ ನನ್ದು. ಸರಿ ಮಾಡೋದೂ ನನ್ದು." ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ವಾಪಸ್ ಒಯ್ದರು. ಮಷಿನ್ ಸದ್ದು ನಿಂತೇಹೋಯಿತು. ಆ ಮೌನವನ್ನು ಕೇಳುತ್ತ ಕೂತಿದ್ದ ನನ್ನಷ್ಟು ಹೇಡಿ ಇನ್ನೊಬ್ಬಳಿರಲಿಲ್ಲ.

ನಾಲ್ಕನೇ ದಿನ ಖಾಲಾ ನನ್ನನ್ನು ಕರೆದರು. "ಇನ್ನೊಂದು ಬರಿ. ಬರೆದಿದ್ದನ್ನ ಎರಡು ಸಲ ಓದಿ ಹೇಳು." ಅಷ್ಟೇ, ಬೈಗುಳ ಇಲ್ಲ. ತಮ್ಮನನ್ನು ಕಾಡಿ ಬೇಡಿ ಒಂದು ವಾರ ಬರೀ ಭತ್ತದ ಹೊಟ್ಟು ಉರಿಸಲು ಒಪ್ಪಿಸಿದರು. ಅಕ್ಕಪಕ್ಕದ ಭಟ್ಟಿಯವರೂ ಮನಸ್ಸಿಲ್ಲದ ಮನಸ್ಸಿನಿಂದ ಹಾಗೇ ಮಾಡಿದರು. ಆ ವಾರದ ತುಂಡುಗಳು ಬೂದುಬಣ್ಣಕ್ಕಷ್ಟೇ ತಿರುಗಿದ್ದವು.

ಆಮೇಲೆ ಭಟ್ಟಿಯವರು, ಕೆಮ್ಮುವವರು ಎಲ್ಲ ಒಂದೇ ಚಾಪೆಯ ಮೇಲೆ ಕಚೇರಿಯ ಗೇಟಿನ ಮುಂದೆ ಕೂತರು. ಕಾಂಪೌಂಡಿನ ಉದ್ದಕ್ಕೂ ಬಟ್ಟೆಯ ತುಂಡುಗಳು. ಪೇಪರಿನಲ್ಲಿ ಫೋಟೊ ಬಂತು. ಹೊಳೆಗೆ ಗಲೀಜು ಬಿಡಬಾರದೆಂದು ಹೋರಾಡುತ್ತಿದ್ದ ಹರಿಹರದವರೂ ಬಂದು ಜೊತೆಗೆ ಕೂತರು. ಐದನೇ ದಿನ ಅಧಿಕಾರಿ ಹೊರಬಂದರು.

"ಆವತ್ತು ಮುಚ್ಚಿಸಿ ಅಂದ್ರಿ, ಇವತ್ತು ಬ್ಯಾಡ ಅಂತೀರಿ. ಏನು ಬೇಕಮ್ಮಾ ನಿಮಗೆ?"

ಖಾಲಾ ಗುಂಡುಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡರು. "ಮೊದಲ ಅರ್ಜಿ ತಪ್ಪಾಗೈತೆ ಸಾಹೇಬ್ರೆ, ಒಪ್ಕಂತೀನಿ. ಹೊಗೆ ಬ್ಯಾಡ, ಒಲೆ ಬೇಕು. ಎರಡೂ ಆಗ್ತೈತೆ, ಬರ್ರಿ, ಮುಟ್ಟಿ ನೋಡ್ರಿ."

ಅಧಿಕಾರಿ ಕಪ್ಪು ತುಂಡನ್ನೂ ಬೂದು ತುಂಡನ್ನೂ ಮುಟ್ಟಿದರು. ಬೆರಳು ನೋಡಿಕೊಂಡರು. ನೋಟಿಸ್‌ಗಳು ವಾಪಸಾದವು. ಕೆಲವು ತಿಂಗಳಲ್ಲಿ ಟೈರ್ ಸುಡುವುದು ನಿಷೇಧವಾಗಿ, ಹೊಟ್ಟಿನ ಒಲೆಗೂ ಎತ್ತರದ ಚಿಮಣಿಗೂ ಸರ್ಕಾರದ ನೆರವು ಬಂತು. ನಾವು ಕುಣಿದಾಡಿದರೆ ಖಾಲಾ ಮರುದಿನವೂ ತಂತಿಗೆ ಬಿಳಿ ತುಂಡು ಸಿಕ್ಕಿಸಿದರು. "ಸರ್ಕಾರದ ಮಾತನ್ನೂ ಒಂದ್ಸಲ ನೆನೆಸಿ ನೋಡ್ಬೇಕು, ಎಷ್ಟು ಕುಗ್ತೈತೋ!"

ಅವತ್ತಿನಿಂದ ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ: ಚರಂಡಿಗೆ, ಮರಕ್ಕೆ, ಹೊಳೆಗೆ. ಎಲ್ಲವನ್ನೂ ಎರಡು ಸಲ ಓದಿ ಹೇಳಿಯೇ ಸಹಿ ಹಾಕಿಸಿದ್ದೇನೆ. ಕೆಲಸ ಆಗುತ್ತದೆ, ಕೂತವರು ಏಳದಿದ್ದರೆ ಆಗಿಯೇ ಆಗುತ್ತದೆ.

ಕಳೆದ ವರ್ಷ ಖಾಲಾ ಹರಿಹರದ ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಅವರ ತಮ್ಮನ ಎದುರು ನಾನು ಅಳುತ್ತ, ಆ ಮೊದಲ ಅರ್ಜಿ ಕೆಡಿಸಿದವಳು ನಾನೇ ಎಂದೆ.

ಅವರು ಕಣ್ಣೊರೆಸಿಕೊಂಡು ಅಂದರು, "ಆಪಾಗೆ ಕನ್ನಡ ಬರೆಯಾಕ ಎಲ್ಲಿ ಬರ್ತಿತ್ತು ತಂಗಿ? ಬರೆದಾಕಿ ನೀನು ಅಂತ ಇಡೀ ಓಣಿಗೇ ಆವತ್ತೇ ಗೊತ್ತಿತ್ತು. 'ಬರೆಯೋ ಕೈ ಅದು, ಹೆದರಿಸಬ್ಯಾಡ್ರಿ, ಮುಂದೆ ಬೇಕಾಗ್ತೈತೆ' ಅಂತ ಮನೆಮನೆಗೆ ಹೋಗಿ ಹೇಳಿದ್ಲು."